ಹೊಲಸು ಮಾತಿನ ಕುಲಗೋತ್ರ

ಇಂಗ್ಲಿಷಿನ ಬೈಗುಳವೊಂದರ ಹುಟ್ಟನ್ನು ಕುರಿತ ಕಥೆಯೊಂದು ಮೊದಲು ಮಿಂಚಂಚೆಗಳಲ್ಲಿ ಓಡಾಡಿ, ಈಗ ವಾಟ್ಸಾಪ್ ಗುಂಪುಗಳಲ್ಲಿ ನೆಲೆಸಿದೆ. ಹಿಂದೆ ಒಣಗಿಸಿದ ಗೊಬ್ಬರವನ್ನು ಹಡಗುಗಳಲ್ಲಿ ಸಾಗಿಸುತ್ತಿದ್ದರಂತೆ. ಮೂಟೆಗಳನ್ನು ಹಡಗಿನ ತಳದಲ್ಲಿ ಪೇರಿಸಿದಾಗ ಸಮುದ್ರದ ನೀರು ತಗುಲಿ, ಗೊಬ್ಬರ ಕೊಳೆತು, ಮೀಥೇನ್ ಅನಿಲ ತುಂಬಿಕೊಳ್ಳುತ್ತಿತ್ತಂತೆ. ರಾತ್ರಿ ಲಾಂದ್ರ ಹಿಡಿದು ಕೆಳಗಿಳಿದ ನಾವಿಕನೊಡನೆ ಹಡಗೂ ಸ್ಫೋಟಿಸಿ ಹೋಗುತ್ತಿತ್ತಂತೆ. ಅನಾಹುತ ತಪ್ಪಿಸಲು ಮೂಟೆಗಳ ಮೇಲೆ ‘ಶಿಪ್ ಹೈ ಇನ್ ಟ್ರಾನ್ಸಿಟ್’, ಅಂದರೆ ‘ಸಾಗಿಸುವಾಗ ಎತ್ತರದಲ್ಲಿ ಇಡಿ’ ಎಂದು ಬರೆಯತೊಡಗಿದರಂತೆ. ಆ ನಾಲ್ಕು ಪದಗಳ ಮೊದಲಕ್ಷರಗಳು ಕೂಡಿ ‘ಶಿಟ್’ ಎಂಬ ಮಾತಾಯಿತಂತೆ.

ಇಂಥ ಮಾತುಗಳಿಗೆ ಕನ್ನಡದಲ್ಲಿ ‘ಅಂತೆಕಂತೆ’ ಎಂಬ ತಕ್ಕ ಹೆಸರೇ ಇದೆ. ಅಂತೆಕಂತೆ ಹರಟೆಕಟ್ಟೆಯಲ್ಲೇ ಉಳಿದಿದ್ದರೆ ಅದರ ಗೊಡವೆ ಬೇಕಿರಲಿಲ್ಲ. ಆದರೆ ಈ ಕಥೆ ಭಾಷಾಶಾಸ್ತ್ರ ಓದುವ ವಿದ್ಯಾರ್ಥಿಗಳ ಬಾಯಲ್ಲಿ, ಕೆಲವೊಮ್ಮೆ ಅವರಿಗೆ ಪಾಠ ಹೇಳುವವರ ಬಾಯಲ್ಲಿ ಕೂಡ ‘ಶಬ್ದವ್ಯುತ್ಪತ್ತಿಗೆ ಸ್ವಾರಸ್ಯಕರ ಉದಾಹರಣೆ’ಯಾಗಿ ಕೇಳಿಬರುತ್ತದೆ. ಇದರಲ್ಲಿ ಸ್ವಾರಸ್ಯವಿರಬಹುದು, ವ್ಯುತ್ಪತ್ತಿ ಮಾತ್ರ ಇಲ್ಲ.

ಮೊದಲನೆಯದಾಗಿ, ಈ ಮಾತು ಹಡಗು ವ್ಯಾಪಾರದ ಕಾಲದ್ದೇ ಅಲ್ಲ. ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಇದರ ಕ್ರಿಯಾರೂಪ ‘ಶೀತನ್’ ಎಂಬುದು ಉಪಸರ್ಗ ಸಹಿತವಾಗಿ ದೊರೆಯುತ್ತದೆ. ‘ಭೇದಿ’ ಎಂಬ ಅರ್ಥದ ‘ಶಿತ್ತೆ’ ಎಂಬ ನಾಮಪದವೂ ಆ ಭಾಷೆಯಲ್ಲಿದೆ. ಜರ್ಮನ್ನಿನ ‘ಷೈಸನ್’, ಡಚ್ಚಿನ ‘ಸ್ಖೈಟನ್’, ಹಳೆಯ ನಾರ್ಸಿನ ‘ಸ್ಕೀಟಾ’ ಇವೆಲ್ಲ ಇದರ ಒಡಹುಟ್ಟುಗಳು. ಇಂಗ್ಲಿಷಿನ ಮೂಟೆಚೀಟಿಯನ್ನು ಓದಿ ಐಸ್‌ಲ್ಯಾಂಡಿನ ರೈತ ತನ್ನ ಭಾಷೆಗೊಂದು ಕ್ರಿಯಾಪದವನ್ನು ಪಡೆದನೆಂದು ನಂಬಬೇಕೆ? ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದಲ್ಲಿ ‘ಶಿಟರ್ಟನ್’ ಎಂಬ ಹಳ್ಳಿಯಿದೆ. ನಾರ್ಮನ್ ದೊರೆ ವಿಲಿಯಮ್ಮನ 1086ರ ಭೂದಾಖಲೆಯಾದ ಡೂಮ್ಸ್‌ಡೇ ಪುಸ್ತಕದಲ್ಲಿ ಆ ಊರಿನ ಹೆಸರು ‘ಸ್ಕೆತ್ರ’ ಎಂದಿದೆ. ಬಯಲುಚರಂಡಿಯಂತೆ ಬಳಕೆಯಾಗುತ್ತಿದ್ದ ಹಳ್ಳವೊಂದರ ದಂಡೆಯ ಊರು ಅದು. ತುಂಟರು ಊರಿನ ನಾಮಫಲಕವನ್ನು ಮತ್ತೆ ಮತ್ತೆ ಕದ್ದೊಯ್ಯುತ್ತಿದ್ದುದರಿಂದ ಬೇಸತ್ತ ಗ್ರಾಮಸ್ಥರು 2010ರಲ್ಲಿ ಒಂದೂವರೆ ಟನ್ ತೂಕದ ಕಲ್ಲಿನಲ್ಲೇ ಹೆಸರನ್ನು ಕೆತ್ತಿಸಿ ನಿಲ್ಲಿಸಿದರು. ನಮ್ಮ ಕಾಲದ ಶಾಸನ ಎನ್ನಬಹುದು.

ಎರಡನೆಯದಾಗಿ, ಮೊದಲಕ್ಷರಗಳನ್ನು ಕೂಡಿಸಿ ಒಂದು ಪದವಾಗಿ ಉಚ್ಚರಿಸುವ ರೂಢಿ ಇಂಗ್ಲಿಷಿನಲ್ಲಿ ವ್ಯಾಪಕವಾದದ್ದು 20ನೆಯ ಶತಮಾನದಲ್ಲಿ, ವಿಶೇಷವಾಗಿ ಮಹಾಯುದ್ಧಗಳ ಕಾಲದಲ್ಲಿ. ‘ರೇಡಾರ್’ ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ. ಇಂಥ ಪದಗಳನ್ನು ಸೂಚಿಸುವ ‘ಆಕ್ರೊನಿಮ್’ ಎಂಬ ಪಾರಿಭಾಷಿಕ ಶಬ್ದ ಚಲಾವಣೆಗೆ ಬಂದದ್ದೇ 1940ರ ದಶಕದಲ್ಲಿ. ಆದುದರಿಂದ ಯಾವುದೇ ಹಳೆಯ ಇಂಗ್ಲಿಷ್ ಪದವನ್ನು ಮೊದಲಕ್ಷರಗಳ ಮೊತ್ತವೆಂದು ವಿವರಿಸುವ ಕಥೆಯನ್ನು ಕೇಳಿದೊಡನೆ ಸಂಶಯಪಡುವುದು ವಿದ್ಯಾರ್ಥಿಯ ಧರ್ಮ. ಇಂಗ್ಲಿಷಿನ ಮತ್ತೊಂದು ನಾಲ್ಕಕ್ಷರದ ಬೈಗುಳಕ್ಕೂ ಇದೇ ಗತಿಯಾಗಿದೆ. ಪ್ರಜೆಗಳ ಸಮಾಗಮಕ್ಕೆ ರಾಜನ ಅಪ್ಪಣೆ ಬೇಕಿತ್ತೆಂದೂ, ಅಪ್ಪಣೆ ಪಡೆದವರು ಬಾಗಿಲಿಗೆ ಹಲಗೆ ತೂಗುಹಾಕುತ್ತಿದ್ದರೆಂದೂ ಕಟ್ಟಿದ ಆ ಕಥೆಗೆ ಒಂದು ಹಲಗೆಯ ಚೂರೂ ಸಾಕ್ಷಿಯಾಗಿ ದೊರೆತಿಲ್ಲ.

ಅಮೆರಿಕದ ತತ್ತ್ವಶಾಸ್ತ್ರಜ್ಞ ಹ್ಯಾರಿ ಫ್ರಾಂಕ್‌ಫರ್ಟ್ 1986ರಲ್ಲಿ ಇದೇ ಮಾತನ್ನು ಉತ್ತರಪದವಾಗಿ ಉಳ್ಳ ‘ಬುಲ್‌ಶಿಟ್’ ಎಂಬ ಪದವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದನು. 2005ರಲ್ಲಿ ಅದು ಪುಟ್ಟ ಪುಸ್ತಕವಾಗಿ ಬಂದಿತು. ಸುಳ್ಳುಗಾರನಿಗೂ ಬುರುಡೆ ಬಿಡುವವನಿಗೂ ಅವನು ಅಲ್ಲಿ ಗೆರೆ ಎಳೆಯುತ್ತಾನೆ. ಸುಳ್ಳುಗಾರನಿಗೆ ಸತ್ಯ ಯಾವುದೆಂಬ ಅರಿವಿರುತ್ತದೆ, ಅದನ್ನು ಮರೆಮಾಚಲೆಂದೇ ಅವನು ಶ್ರಮಪಡುತ್ತಾನೆ. ಬುರುಡೆಗಾರನಿಗಾದರೋ ತಾನು ಹೇಳುತ್ತಿರುವುದು ನಿಜವೋ ಸುಳ್ಳೋ ಎಂಬ ಚಿಂತೆಯೇ ಇಲ್ಲ. ಹಡಗಿನ ಕಥೆ ಈ ಎರಡನೆಯ ಜಾತಿಗೆ ಸೇರಿದ್ದು. ‘ಶಿಟ್’ ಎಂಬ ಪದದ ವ್ಯುತ್ಪತ್ತಿಯೇ ಬುಲ್‌ಶಿಟ್ಟಿಗೆ ಇಷ್ಟು ನಿರ್ದುಷ್ಟವಾದ ಲಕ್ಷ್ಯವಾಗಿ ಒದಗಿದ್ದು ವಿಚಿತ್ರ.

ಇಷ್ಟು ಕೇಳಿದೊಡನೆ ಇನ್ನೊಂದು ಬಣದವರು ಹರ್ಷದಿಂದ ಮುಂದೆ ಬರುತ್ತಾರೆ. ಇಂಗ್ಲಿಷಿನ ಯಾವ ಪದವನ್ನು ಕೊಟ್ಟರೂ ಅದನ್ನು ಸಂಸ್ಕೃತದ ಮನೆಗೆ ಒಯ್ದು ಕಟ್ಟುವ ಉತ್ಸಾಹಿಗಳು ಇವರು. ಕಿವಿಗೆ ಒಂದಿಷ್ಟು ಹೋಲಿಕೆ ಕಂಡರೆ ಸಾಕು, ‘ಇದು ಅದರಿಂದಲೇ ಬಂದದ್ದು’ ಎಂಬ ತೀರ್ಪು ಸಿದ್ಧ. ‘ಶಿಟ್’ ಪದಕ್ಕೂ ಸಂಸ್ಕೃತದ ‘ಛಿದ್’ ಧಾತುವಿಗೂ ನಂಟಿದೆ ಎಂದು ತಿಳಿದರೆ ಅವರ ಸಂಭ್ರಮ ಇಮ್ಮಡಿಯಾದೀತು. ನಂಟು ಇರುವುದು ನಿಜ, ಅದು ಗಟ್ಟಿಯಾದ ನಂಟೂ ಹೌದು. ಆದರೆ ಅದು ತಾಯಿ ಮಗಳ ನಂಟಲ್ಲ. ಒಬ್ಬಳೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ದೂರ ದೂರದ ದೇಶಗಳಿಗೆ ಮದುವೆಯಾಗಿ ಹೋದ ಅಕ್ಕತಂಗಿಯರ ನಂಟು. ಈ ಭೇದ ಅಷ್ಟೇನೂ ಮುಖ್ಯವಲ್ಲ ಎನ್ನುವವರು ವ್ಯುತ್ಪತ್ತಿಯ ಗೋಜಿಗೆ ಹೋಗದಿರುವುದೇ ಲೇಸು.

ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣವನ್ನು ಈ ಉತ್ಸಾಹಿಗಳು ಬಹಳವಾಗಿ ನೆನೆಯುತ್ತಾರೆ. ಅವನು ಸಂಸ್ಕೃತದ ರಚನಾಸೌಷ್ಠವವನ್ನು ಗ್ರೀಕ್, ಲ್ಯಾಟಿನ್‌ಗಳಿಗಿಂತ ಮಿಗಿಲೆಂದು ಹೊಗಳಿದ ಭಾಗ ಅವರಿಗೆ ಬಾಯಿಪಾಠ. ಅದೇ ಉಸಿರಿನಲ್ಲಿ ಅವನು ಹೇಳಿದ ಇನ್ನೊಂದು ಮಾತಿನ ಬಳಿಗೆ ಬರುವಾಗ ಅವರ ನೆನಪು ಕೈಕೊಡುತ್ತದೆ. ಈ ಮೂರೂ ಭಾಷೆಗಳು ಬಹುಶಃ ಈಗ ಉಳಿದಿರದ ಒಂದು ಸಮಾನ ಮೂಲದಿಂದ ಹೊಮ್ಮಿದವು ಎಂಬುದು ಆ ಮಾತು. ಅಂದರೆ ಸಂಸ್ಕೃತವೂ ಆ ಮೂಲದ ಮಗಳೇ.

ಹೋಲಿಕೆಯನ್ನು ಕಿವಿಯಿಂದ ಅಳೆಯಲಾಗದು, ನಿಯಮದಿಂದ ಅಳೆಯಬೇಕು. ಸಂಸ್ಕೃತದ ದಕಾರಕ್ಕೆ ಇಂಗ್ಲಿಷಿನಲ್ಲಿ ಟಕಾರ ಎದುರಾಗುವುದು ಕ್ರಮಬದ್ಧವಾದ ಸಂಗತಿ. ದಶ – ಟೆನ್, ದಂತ – ಟೂತ್, ಪಾದ – ಫುಟ್, ಸ್ವೇದ – ಸ್ವೆಟ್, ತಿನ್ನುವ ಅರ್ಥದ ಅದ್ – ಈಟ್. ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ವಿವರವಾಗಿ ನಿರೂಪಿಸಿದ ಧ್ವನಿಪಲ್ಲಟದ ಒಂದು ಎಳೆ ಇದು. ‘ಛಿದ್’ನ ದಕಾರಕ್ಕೆ ‘ಶಿಟ್’ನ ಟಕಾರ ಇದೇ ಸಾಲಿನಲ್ಲಿ ಕೂರುತ್ತದೆ. ಇನ್ನು ಮೊದಲ ವ್ಯಂಜನ. ಹಳೆಯ ಇಂಗ್ಲಿಷಿಗೂ ಹಿಂದಿನ ಜರ್ಮಾನಿಕ್ ಹಂತದಲ್ಲಿ ಅದು ‘ಸ್ಕ’ ಆಗಿತ್ತು. ಇಂಗ್ಲಿಷಿನಲ್ಲಿ ಆ ‘ಸ್ಕ’ ಕಾಲಕ್ರಮದಲ್ಲಿ ‘ಶ’ ಆಯಿತು, ನಾರ್ಸಿನಲ್ಲಿ ‘ಸ್ಕ’ ಆಗಿಯೇ ಉಳಿಯಿತು. ಇಂಗ್ಲಿಷಿನ ಮನೆಮಾತಾದ ‘ಶರ್ಟ್’, ನಾರ್ಸ್ ಜನರಿಂದ ಎರವಲು ಬಂದ ‘ಸ್ಕರ್ಟ್’ ಇವೆರಡೂ ಮೂಲದಲ್ಲಿ ಒಂದೇ ಪದವೆಂಬುದನ್ನು ನೆನೆದರೆ ಇದು ಮನಸ್ಸಿಗೆ ನಾಟುತ್ತದೆ. ಲ್ಯಾಟಿನ್ನಿನಲ್ಲಿ ‘ಸ್ಕಿಂದೆರೆ’ ಎಂದರೆ ಸೀಳು, ಗ್ರೀಕಿನಲ್ಲಿ ‘ಸ್ಖಿಜೈನ್’ ಎಂದರೂ ಸೀಳು. ಮೂರು ಶಾಖೆಗಳೂ ಸಕಾರ ಮತ್ತು ಕವರ್ಗದ ಸಂಯೋಗವನ್ನು ತೋರುತ್ತಿರುವಾಗ ಸಂಸ್ಕೃತವೊಂದೇ ‘ಛ’ ಎನ್ನುತ್ತದೆ. ಬದಲಾದದ್ದು ಯಾರು ಎಂಬುದು ಇಲ್ಲೇ ಸ್ಪಷ್ಟ. ಸಂಸ್ಕೃತದ ‘ಛಾಯಾ’ ಗ್ರೀಕಿನಲ್ಲಿ ‘ಸ್ಕಿಯಾ’. (ಅಳಿಲಿಗೆ ಇಂಗ್ಲಿಷಿನಲ್ಲಿರುವ ‘ಸ್ಕ್ವಿರಲ್’ ಎಂಬ ಹೆಸರಿನಲ್ಲಿ ಇದೇ ಸ್ಕಿಯಾ ಅಡಗಿದೆ, ತನ್ನ ಬಾಲದಿಂದಲೇ ನೆರಳು ಮಾಡಿಕೊಳ್ಳುವ ಪ್ರಾಣಿ ಎಂಬುದು ಗ್ರೀಕರ ಕಲ್ಪನೆ.) ಸಂಸ್ಕೃತದ ಛಕಾರದಿಂದ ಇವರೆಲ್ಲರ ‘ಸ್ಕ’ ಹುಟ್ಟುವ ದಾರಿಯಿಲ್ಲ; ಹಳೆಯ ‘ಸ್ಕ’ದಿಂದ ಛಕಾರ ಹುಟ್ಟಿದ ದಾರಿ ನಿಚ್ಚಳವಾಗಿದೆ.

ಆ ದಾರಿಯ ಹೆಜ್ಜೆಗುರುತು ಸಂಸ್ಕೃತ ವ್ಯಾಕರಣದಲ್ಲೇ ಉಳಿದಿರುವುದು ಸೊಗಸಾದ ವಿಷಯ. ‘ವಿ’ ಎಂಬುದಕ್ಕೆ ‘ಛೇದ’ ಸೇರಿದರೆ ‘ವಿಛೇದ’ ಆಗದೆ ‘ವಿಚ್ಛೇದ’ವಾಗುತ್ತದೆ. ‘ಪರಿ’ಗೆ ಸೇರಿದರೆ ‘ಪರಿಚ್ಛೇದ’. ಹ್ರಸ್ವಸ್ವರದ ಮುಂದೆ ಛಕಾರ ಬಂದಾಗ ನಡುವೆ ‘ತುಕ್’ ಎಂಬ ಆಗಮ ಬರುತ್ತದೆಂದು ಪಾಣಿನಿ ಆರನೆಯ ಅಧ್ಯಾಯದ ಮೊದಲ ಪಾದದ 73ನೆಯ ಸೂತ್ರದಲ್ಲಿ ವಿಧಿಸುತ್ತಾನೆ. ಕನ್ನಡ ಎಂ.ಎ. ವಿದ್ಯಾರ್ಥಿ ಇದನ್ನು ಸಂಧಿಕಾರ್ಯವೆಂದು ಉರುಹೊಡೆದು ಮುಂದೆ ಹೋಗುತ್ತಾನೆ. ಬೇರೆ ಮಹಾಪ್ರಾಣಗಳಿಗಿಲ್ಲದ ಈ ಇಮ್ಮಡಿ ತೂಕ ಛಕಾರಕ್ಕೆ ಮಾತ್ರ ಏಕೆ ಎಂದು ಅವನು ಕೇಳಿದ್ದರೆ ಉತ್ತರ ಇಲ್ಲಿದೆ: ಛಕಾರವು ಹುಟ್ಟಿನಲ್ಲಿ ಒಂಟಿ ವ್ಯಂಜನವಲ್ಲ, ಎರಡು ವ್ಯಂಜನಗಳ ಸಂಯೋಗ. ಆ ಹಳೆಯ ಸಂಯೋಗದ ಭಾರವನ್ನೇ ‘ವಿಚ್ಛೇದ’ದ ಒತ್ತಕ್ಷರ ಇಂದಿಗೂ ಹೊತ್ತಿದೆ. ಪಾಣಿನಿಗೆ ಗ್ರೀಕ್, ಲ್ಯಾಟಿನ್‌ಗಳ ಹಂಗಿರಲಿಲ್ಲ. ತನ್ನ ಭಾಷೆಯ ನಡೆಯನ್ನು ಪ್ರಾಮಾಣಿಕವಾಗಿ ದಾಖಲಿಸಿದನಷ್ಟೆ. ಅವನ ಹೆಸರಿನಲ್ಲಿ ಹೆಮ್ಮೆಪಡುವವರು ಅವನ ಆ ಪ್ರಾಮಾಣಿಕತೆಯನ್ನೂ ಕಲಿಯಬಹುದಿತ್ತು.

ಸಂಶಯ ಉಳಿದವರಿಗೆ ಇನ್ನೊಂದು ಸಾಕ್ಷಿ. ಕನ್ನಡದಲ್ಲಿ ‘ಛಿನ್ನಭಿನ್ನ’ ಎಂಬ ಜೋಡಿ ಎಲ್ಲರಿಗೂ ಗೊತ್ತು. ಛಿದ್, ಭಿದ್ ಎರಡೂ ಧಾತುಪಾಠದ ರುಧಾದಿ ಗಣದವು; ವರ್ತಮಾನದಲ್ಲಿ ಧಾತುವಿನ ಒಡಲೊಳಗೆ ನಕಾರವನ್ನು ತುರುಕಿಕೊಂಡು ಛಿನತ್ತಿ, ಭಿನತ್ತಿ ಎಂದಾಗುತ್ತವೆ. ಲ್ಯಾಟಿನ್ನಿನಲ್ಲಿ ಇವೇ ಎರಡು ಧಾತುಗಳು ಇದೇ ರೀತಿ ನಕಾರವನ್ನು ನುಂಗಿ ‘ಸ್ಕಿಂದಿತ್’, ‘ಫಿಂದಿತ್’ ಎಂದಾಗುತ್ತವೆ. ಭೂತರೂಪದಲ್ಲಿ ಅಲ್ಲಿಯೂ ಆ ನಕಾರ ಮಾಯ. ಎರಡು ಪದಗಳು ಆಕಸ್ಮಿಕವಾಗಿ ಹೋಲಬಹುದು. ಎರಡು ದೇಶಗಳ ಎರಡು ಧಾತುಗಳು ಒಂದೇ ಅರ್ಥದಲ್ಲಿ, ಒಂದೇ ಜಾಗದಲ್ಲಿ, ಒಂದೇ ಕಾಲರೂಪದಲ್ಲಿ, ಒಂದೇ ಅನುನಾಸಿಕವನ್ನು ಸೇರಿಸಿಕೊಳ್ಳುವುದು ಆಕಸ್ಮಿಕವಾಗದು. ಭಿದ್ ಧಾತುವಿನ ಇಂಗ್ಲಿಷ್ ತಂಗಿ ‘ಬೈಟ್’, ಅಂದರೆ ಕಚ್ಚು. ಹಲ್ಲಿನಿಂದ ಭೇದಿಸುವುದೇ ಕಚ್ಚುವುದು. ಭಿದ್‌ಗೆ ಬೈಟ್ ಹೇಗೋ ಛಿದ್‌ಗೆ ‘ಶೈಟ್’ ಹಾಗೆ. ಬ್ರಿಟನ್ನಿನ ಉತ್ತರ ಭಾಗದಲ್ಲೂ ಐರ್ಲೆಂಡಿನಲ್ಲೂ ಈ ಬೈಗುಳವನ್ನು ಇಂದಿಗೂ ‘ಶೈಟ್’ ಎಂದೇ ಉಚ್ಚರಿಸುತ್ತಾರೆ. ದೀರ್ಘಸ್ವರದ ಕ್ರಮಬದ್ಧ ಪರಿಣಾಮ ಅದೇ. ‘ಛಿನ್ನಭಿನ್ನ’ದ ಜೋಡಿ ಇಂಗ್ಲಿಷಿನಲ್ಲಿ ಒಂದು ಬೈಗುಳವಾಗಿ, ಒಂದು ಕಡಿತವಾಗಿ ಬದುಕಿದೆ.

ಸೀಳು, ಬೇರ್ಪಡಿಸು ಎಂಬ ಅರ್ಥದ ಧಾತು ಮಲವಿಸರ್ಜನೆಗೆ ಏಕೆ ಬಂದಿತು? ಒಡಲಿನಿಂದ ಬೇರೆಯಾದದ್ದು ಎಂಬ ಭಾವದಿಂದ. ಇದು ಜರ್ಮಾನಿಕ್ ಜನರ ಒರಟುತನವೇನಲ್ಲ. ಸಭ್ಯರೆಂದು ಪ್ರಸಿದ್ಧರಾದ ಲ್ಯಾಟಿನ್ ಬಲ್ಲವರು ಬಳಸುವ ‘ಎಕ್ಸ್‌ಕ್ರಿಮೆಂಟ್’ ಪದದ ಹಿಂದಿರುವುದು ಜರಡಿ ಹಿಡಿದು ಬೇರ್ಪಡಿಸುವ ಅರ್ಥದ ಧಾತು. ‘ಸೀಕ್ರೆಟ್’ ಎಂಬ ಪದವೂ ಆ ಧಾತುವಿನದೇ. ಎರಡು ಭಾಷೆಗಳೂ ಒಂದೇ ರೀತಿ ಯೋಚಿಸಿವೆ. ಒಂದರ ಮಾತು ಬೈಗುಳವಾಯಿತು, ಇನ್ನೊಂದರ ಮಾತು ವೈದ್ಯರ ಚೀಟಿಗೆ ಸೇರಿತು. ಇದಕ್ಕೆ ಕಾರಣ ಪದದಲ್ಲಿಲ್ಲ, ಪದವನ್ನಾಡುವವರ ಅಂತಸ್ತಿನಲ್ಲಿದೆ. 1066ರ ನಾರ್ಮನ್ ವಿಜಯದ ತರುವಾಯ ಇಂಗ್ಲೆಂಡಿನಲ್ಲಿ ಫ್ರೆಂಚ್, ಲ್ಯಾಟಿನ್‌ಗಳು ಅರಮನೆ ಮತ್ತು ಮಠಗಳ ಮಾತಾದವು. ನೆಲದ ಮಾತು ಹೊಲಗದ್ದೆಗಳ ಪಾಲಾಯಿತು. ಆದರೂ 14ನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿ ಕ್ಯಾಂಟರ್‌ಬರಿ ಕಥೆಗಳ ಪೀಠಿಕೆಯಲ್ಲಿ ಒಳ್ಳೆಯ ಪಾದ್ರಿಯೊಬ್ಬನನ್ನು ಚಿತ್ರಿಸುವಾಗ, ಕುರಿ ಶುಭ್ರವಾಗಿದ್ದು ಕುರುಬನೇ ಹೊಲಸಾಗಿರುವ ದುರವಸ್ಥೆಯನ್ನು ಹೇಳಲು ಇದೇ ಪದದ ವಿಶೇಷಣರೂಪವನ್ನು ಬಳಸಿದ್ದಾನೆ. ಅವನಿಗೆ ಅದು ಬಾಯಿ ಮುಚ್ಚಿಕೊಳ್ಳಬೇಕಾದ ಪದವಾಗಿರಲಿಲ್ಲ. ಧರ್ಮಗುರುಗಳಿಗೆ ಎಚ್ಚರಿಕೆ ಹೇಳಲು ಬೇಕಾದ ಪದವಾಗಿತ್ತು.

ಹೊಲಸನ್ನು ಹೆಸರಿಸಲು ಹೇಸುವ ನಾಗರಿಕತೆ ಶುದ್ಧವಾದ ಪದಗಳನ್ನು ಒಂದೊಂದಾಗಿ ಹೊಲಸಿಗೆ ಬಲಿಕೊಡುತ್ತ ಹೋಗುತ್ತದೆ. ಇಂಗ್ಲಿಷಿನ ‘ಡೆಫಿಕೇಟ್’ ಎಂಬ ಮರ್ಯಾದಸ್ಥ ಪದಕ್ಕೆ ಮೂಲದಲ್ಲಿ ‘ಗಸಿಯನ್ನು ತೆಗೆದು ತಿಳಿಗೊಳಿಸು’ ಎಂದರ್ಥ. ‘ಟಾಯ್ಲೆಟ್’ ಫ್ರೆಂಚಿನಲ್ಲಿ ಬಟ್ಟೆಯ ತುಂಡು. ಭಾರತದ ಮಾತುಗಳೂ ಹಿಂದೆ ಬಿದ್ದಿಲ್ಲ. ‘ಶೌಚ’ ಎಂದರೆ ಶುಚಿತ್ವ. ದಶಲಕ್ಷಣ ಧರ್ಮದಲ್ಲಿ ‘ಉತ್ತಮ ಶೌಚ’ವೆಂದರೆ ಲೋಭವಿಲ್ಲದ ಮನಸ್ಸು. ಆ ಪದ ಇಂದು ಬಸ್ ನಿಲ್ದಾಣದ ಗೋಡೆಯ ಮೇಲೆ ಬಾಣದ ಗುರುತಿನೊಡನೆ ನಿಂತಿದೆ. ವೈದಿಕ ಅಗ್ನಿಚಯನದಲ್ಲಿ ಇಟ್ಟಿಗೆಯ ಸಾಲುಗಳ ಮೇಲೆ ಹರಡುವ ಸಡಿಲ ಮಣ್ಣಿಗೆ ‘ಪುರೀಷ’ವೆಂಬ ಹೆಸರು. ಯಜ್ಞವೇದಿಯನ್ನು ತುಂಬಿದ ಆ ಪದ ಮುಂದೆ ಆಯುರ್ವೇದದಲ್ಲಿ ಮಲದ ಹೆಸರಾಯಿತು. ಕನ್ನಡಿಗರು ಬಯಲಕಡೆ, ಕೆರೆಕಡೆ, ಬಹಿರ್ದೆಸೆ, ಕೊನೆಗೆ ಬರಿಯ ‘ಎರಡಕ್ಕೆ’ ಎಂದು ಅಂಕಿಯ ಮೊರೆಹೊಕ್ಕರು. ಇವೆಲ್ಲ ಲೋಕಾಚಾರ, ಅದರ ಮೇಲೆ ಆಕ್ಷೇಪವಿಲ್ಲ. ಲೋಕಾಚಾರವನ್ನು ಶಾಸ್ತ್ರದೊಳಗೆ ತಂದು, ಈ ಪದಗಳನ್ನು ತರಗತಿಯಲ್ಲಿ ಎತ್ತಲೇಬಾರದು ಎನ್ನುವ ವಿದ್ವಾಂಸರ ಮೇಲೆ ಆಕ್ಷೇಪವಿದೆ. ಅವರು ಬಿಟ್ಟ ತೆರಪನ್ನೇ ಹಡಗಿನ ಕಥೆ ತುಂಬಿಕೊಂಡಿದೆ.

ಪ್ರಾಚೀನರಿಗೆ ಈ ಮಡಿವಂತಿಕೆ ಇರಲಿಲ್ಲ. ಸಂಸ್ಕೃತದ ‘ಉಚ್ಚಾರ’ ಪದವನ್ನೇ ನೋಡಬಹುದು. ‘ಹೊರಹೋಗುವುದು’ ಎಂಬ ಒಂದೇ ಭಾವದಿಂದ ಅದು ಬಾಯಿಂದ ಹೊರಡುವ ನುಡಿಗೂ ಒಡಲಿಂದ ಹೊರಡುವ ಮಲಕ್ಕೂ ಹೆಸರಾಯಿತು. ಆಚಾರಾಂಗದ ಎರಡನೆಯ ಶ್ರುತಸ್ಕಂಧದಲ್ಲಿ ಮುನಿಯು ಮಲಮೂತ್ರಗಳನ್ನು ಎಲ್ಲಿ, ಹೇಗೆ ತ್ಯಜಿಸಬೇಕೆಂಬುದಕ್ಕೆ ಒಂದು ಅಧ್ಯಯನವೇ ಮೀಸಲಾಗಿದೆ. ಪ್ರಾಕೃತದಲ್ಲಿ ಅದರ ವಿಷಯ ‘ಉಚ್ಚಾರ-ಪಾಸವಣ’. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಎಣಿಸುವ ಐದು ಸಮಿತಿಗಳಲ್ಲಿ ಎರಡನೆಯದು ಭಾಷಾಸಮಿತಿ, ಐದನೆಯದು ಉತ್ಸರ್ಗಸಮಿತಿ. ಮಾತನಾಡುವಲ್ಲಿ ಯಾವ ಎಚ್ಚರವೋ ಮಲವನ್ನು ತ್ಯಜಿಸುವಲ್ಲಿಯೂ ಅದೇ ಎಚ್ಚರ: ಎರಡರಿಂದಲೂ ಜೀವಕ್ಕೆ ಹಿಂಸೆಯಾಗಬಾರದು. ಮಾತನ್ನೂ ಮಲವನ್ನೂ ಒಂದೇ ಪಟ್ಟಿಯಲ್ಲಿ ಇಡಲು ಉಮಾಸ್ವಾತಿ ಆಚಾರ್ಯರಿಗೆ ಸಂಕೋಚವಾಗಲಿಲ್ಲ. ವಿಶ್ವವಿದ್ಯಾಲಯದ ಪಠ್ಯಸಮಿತಿಗೆ ಆಗುತ್ತದೆ.

ನಂಟು ಸಿಕ್ಕಿತೆಂಬ ಹುರುಪಿನಲ್ಲಿ ಎಲ್ಲವನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದೂ ತಪ್ಪು. ಮಲವನ್ನು ಕುರಿತ ಅಧ್ಯಯನಕ್ಕೆ ಇಂಗ್ಲಿಷಿನಲ್ಲಿ ‘ಸ್ಕೆಟಾಲಜಿ’ ಎನ್ನುತ್ತಾರೆ. ಅದರಲ್ಲಿಯೂ ‘ಸ್ಕ’ ಇದೆ, ಟಕಾರವಿದೆ, ಅರ್ಥವಂತೂ ಅದೇ. ಕಿವಿಯ ಪಂಡಿತರು ಇದನ್ನು ‘ಶಿಟ್’ನ ಅಣ್ಣನೆಂದು ಘೋಷಿಸಿಬಿಡುತ್ತಾರೆ. ಆದರೆ ಅದು ಗ್ರೀಕಿನ ‘ಸ್ಕೋರ್’, ಷಷ್ಠಿಯಲ್ಲಿ ‘ಸ್ಕತೋಸ್’ ಎಂಬ ಬೇರೆಯೇ ಪದ. ಅದರ ನಿಜವಾದ ಬಂಧು ಏಷ್ಯಾಮೈನರಿನ ಪ್ರಾಚೀನ ಹಿಟ್ಟೈಟ್ ಭಾಷೆಯ ‘ಶಕ್ಕರ್’. ಸಗಣಿ, ಮಲ ಎಂಬರ್ಥದ ಸಂಸ್ಕೃತ ‘ಶಕೃತ್’ ಶಬ್ದಕ್ಕೆ ಗ್ರೀಕಿನ ‘ಕೊಪ್ರೋಸ್’ ಬಂಧು. ಪಳೆಯುಳಿಕೆ ಶಾಸ್ತ್ರದ ‘ಕೊಪ್ರೊಲೈಟ್’ ಅದರಿಂದ ಬಂದುದು. ಮೂರು ಮನೆತನಗಳು, ಒಂದೇ ಅರ್ಥ. ಹಾಗೆಯೇ ‘ಸೈನ್ಸ್ ಮತ್ತು ಶಿಟ್ ಒಂದೇ ಧಾತುವಿನವು’ ಎಂಬ ಚುರುಕು ಮಾತು ಆಗಾಗ ಕಾಣಿಸುತ್ತದೆ. ಲ್ಯಾಟಿನ್ನಿನಲ್ಲಿ ‘ತಿಳಿ’ ಎಂಬರ್ಥದ ‘ಸ್ಕಿರೆ’ ಮೂಲತಃ ‘ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಅರಿ’ ಎಂಬ ಭಾವದ್ದೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಅದು ಯೋಗ್ಯವಾದ ಊಹೆ. ಆದರೆ ಛಿನತ್ತಿ – ಸ್ಕಿಂದಿತ್ ನಂಟಿಗಿರುವ ರುಜುವಾತಿನ ಬಲ ಈ ಊಹೆಗಿಲ್ಲ. ಎರಡನ್ನೂ ಒಂದೇ ದನಿಯಲ್ಲಿ ಹೇಳುವವನು ವ್ಯುತ್ಪತ್ತಿಕಾರನಲ್ಲ, ಚಪ್ಪಾಳೆಯ ಆಕಾಂಕ್ಷಿ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಭಾರತದ ನಿರುಕ್ತ ಪರಂಪರೆಯೇ ಒಂದು ಪದಕ್ಕೆ ಹಲವು ವ್ಯುತ್ಪತ್ತಿಗಳನ್ನು ಒಪ್ಪುತ್ತದಲ್ಲ, ಹಾಗಿದ್ದ ಮೇಲೆ ಜನಸಾಮಾನ್ಯರ ಕಥೆಗಳನ್ನು ಏಕೆ ಹಳಿಯಬೇಕು ಎಂಬುದು. ಉತ್ತರ ಸರಳ. ‘ಅರಿಹಂತ’ ಎಂಬ ಪ್ರಾಕೃತ ಪದವನ್ನು ‘ಅರಿಗಳನ್ನು ಕೊಂದವನು’ ಎಂದು ಬಿಡಿಸಿ, ಅರಿಗಳೆಂದರೆ ಕರ್ಮಗಳೆಂದು ವಿವರಿಸುವುದುಂಟು. ‘ಅರುಹಂತ’ ಎಂದು ಓದಿ ‘ಮತ್ತೆ ಮೊಳೆಯದವನು’ ಎನ್ನುವುದೂ ಉಂಟು. ಪದದ ಇತಿಹಾಸವೋ ‘ಯೋಗ್ಯನಾಗು’ ಎಂಬರ್ಥದ ‘ಅರ್ಹ್’ ಧಾತುವಿನಲ್ಲಿದೆ, ‘ಅರ್ಹತ್’ ಎಂಬುದೇ ಮೂಲ. ಟೀಕಾಕಾರರು ಬಿಡಿಸಿ ಹೇಳಿದ್ದು ಧ್ಯಾನಿಸುವವನಿಗೆ ಬೇಕಾದ ಅರ್ಥವನ್ನು. ಪದ ನಡೆದುಬಂದ ದಾರಿಯನ್ನು ಕುರಿತ ವರದಿಯನ್ನಲ್ಲ. ‘ಗುರು’ ಶಬ್ದವನ್ನು ಕತ್ತಲೆ ಕಳೆಯುವವನೆಂದು ಬಿಡಿಸುವುದೂ ಇಂಥದೇ. ಚರಿತ್ರೆಯಲ್ಲಿ ಅದು ‘ಭಾರವಾದದ್ದು’; ಲ್ಯಾಟಿನ್ನಿನ ‘ಗ್ರಾವಿಸ್’, ಗ್ರೀಕಿನ ‘ಬರುಸ್’ ಅದರ ಬಂಧುಗಳು. ನಿರುಕ್ತಿಯನ್ನು ನಿರುಕ್ತಿಯೆಂದೇ ಗೌರವಿಸುವವನು ಅದನ್ನು ಚರಿತ್ರೆಯೆಂದು ಮಾರುವುದಿಲ್ಲ. ಹಡಗಿನ ಕಥೆಯಲ್ಲಿ ಧ್ಯಾನಕ್ಕೆ ಯೋಗ್ಯವಾದುದೂ ಏನಿಲ್ಲ.

ಛಿದ್ ಧಾತುವಿನ ಭಾರತೀಯ ಶಾಖೆ ಏರಿದ ಎತ್ತರವನ್ನು ಕಂಡರೆ ಅದರ ಇಂಗ್ಲಿಷ್ ತಂಗಿಯ ಬಗೆಗೆ ಕರುಣೆ ಹುಟ್ಟೀತು. ಭಿನ್ನರಾಶಿ ಕಲಿತ ಕನ್ನಡದ ಪ್ರತಿಯೊಂದು ಮಗುವೂ ಅಂಶ ಮೇಲೆ, ಛೇದ ಕೆಳಗೆ ಎಂದು ಬರೆದಿದೆ. ಮುನಿಗಳ ಪ್ರಾಯಶ್ಚಿತ್ತದ ಬಗೆಗಳಲ್ಲಿ ‘ಛೇದ’ವೊಂದು, ತಪ್ಪಿತಸ್ಥನ ದೀಕ್ಷಾಕಾಲದ ಹಿರಿತನವನ್ನು ಅಷ್ಟು ದಿನ, ಅಷ್ಟು ತಿಂಗಳು ಎಂದು ಕತ್ತರಿಸುವುದು. 9ನೆಯ ಶತಮಾನದ ಆರಂಭದಲ್ಲಿ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಬರೆದ ಧವಲಾ ಟೀಕೆ ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದಿತು. ಅದರಲ್ಲಿ ‘ಅರ್ಧಚ್ಛೇದ’ವೆಂಬ ಗಣಿತ ಪರಿಭಾಷೆಯಿದೆ. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಬಹುದೋ ಅದು ಆ ಸಂಖ್ಯೆಯ ಅರ್ಧಚ್ಛೇದ: 16ಕ್ಕೆ 4, 32ಕ್ಕೆ 5. ಇಂದಿನ ಗಣಿತದಲ್ಲಿ ಇದು 2ನ್ನು ಆಧಾರವಾಗುಳ್ಳ ಲಾಗರಿದಂ. ‘ಅರ್ಧಛೇದ’ವೆನ್ನದೆ ‘ಅರ್ಧಚ್ಛೇದ’ವೆನ್ನುವಲ್ಲಿ, ಸಾವಿರಾರು ವರ್ಷಗಳ ಹಿಂದಿನ ಆ ‘ಸ್ಕ’ದ ಭಾರ ಇನ್ನೂ ಕೇಳಿಸುತ್ತದೆ.

ಕನ್ನಡದ ಸ್ವಂತ ಪದದ ಮಾತು ಉಳಿಯಿತು. ‘ಹೇಲು’ ಎಂಬುದಕ್ಕೂ ಮೇಲಿನ ಯಾವ ಮನೆತನಕ್ಕೂ ಸಂಬಂಧವಿಲ್ಲ. ಅದು ಅಚ್ಚ ದ್ರಾವಿಡ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಇಲ್ಲಿನ ಹಕಾರವೂ ಹಿಂದೆ ಪಕಾರವೇ. ತಮಿಳಿನಲ್ಲಿ ಅದೇ ಅರ್ಥದ ‘ಪೇಲ್’ ಧಾತು ಇದೆ. ನುಡಿಯುವ ಅರ್ಥದ ‘ಹೇಳು’ ಹಳಗನ್ನಡದ ‘ಪೇೞ್’. ಲಕಾರ ಳಕಾರಗಳ ಭೇದ ತಿಳಿಯದೆ ‘ಹೇಳಿ’ ಎನ್ನಬೇಕಾದಲ್ಲಿ ‘ಹೇಲಿ’ ಎಂದವನನ್ನು ಕಂಡು ಊರೆಲ್ಲ ನಗುತ್ತದೆ. ಸಂಸ್ಕೃತದ ‘ಉಚ್ಚಾರ’ಕ್ಕೆ ಎರಡೂ ಅರ್ಥಗಳಿರುವುದನ್ನು ತೋರಿಸಿ, ಹೇಳು–ಹೇಲು ಕೂಡ ಒಂದೇ ಎಂದು ಸಾಧಿಸುವ ವ್ಯುತ್ಪತ್ತಿವೀರನೊಬ್ಬ ನಾಳೆ ಹುಟ್ಟಿಯಾನು. ಅಂಥವನಿಗೆ ಹಳಗನ್ನಡವು ಲ, ಳ, ೞ ಎಂಬ ಮೂರು ಅಕ್ಷರಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿತ್ತೆಂಬುದನ್ನು ತೋರಿಸಿದರೆ ಸಾಕು. ಪೇಲ್ ಎಂಬುದರ ಕೊನೆಗೆ ಲಕಾರ, ಪೇೞ್ ಎಂಬುದರ ಕೊನೆಗೆ ೞಕಾರ.